ಅಕ್ಯುರೇಟ್, ಪ್ರಿಸೈಸ್: ಫಿಸಿಕ್ಸ್ ಪುಸ್ತಕ ಒಂದು ಹೇಳುತ್ತದೆ, ಕೆಮಿಸ್ಟ್ರಿ ಪುಸ್ತಕ ಇನ್ನೊಂದು. ಯಾವುದನ್ನು ಹಿಡಿಯುವುದು?

ಅಳತೆಗೋಲು (ಪ್ರಶ್ನೆ)

ಪಿಯು ಮಕ್ಕಳಿಗೆ ಪಾಠ ಹೇಳುವವರು, ಲ್ಯಾಬ್‌ನಲ್ಲೋ ವರ್ಕ್‌ಶಾಪ್‌ನಲ್ಲೋ ಅಳತೆಯ ಕೆಲಸ ಮಾಡುವವರು ದಯವಿಟ್ಟು ಉತ್ತರಿಸಿ.

ಅಕ್ಯುರೇಟ್ ಅಂದರೂ ನಿಖರ, ಪ್ರಿಸೈಸ್ ಅಂದರೂ ನಿಖರ ಎಂದುಬಿಡುವುದು ನಮ್ಮಲ್ಲಿ ರೂಢಿ. ಮಾತಿನಲ್ಲಿ ಅದು ನಡೆಯುತ್ತದೆ, ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಎನ್‌ಸಿಇಆರ್‌ಟಿ 11ನೇ ತರಗತಿಯ ಫಿಸಿಕ್ಸ್ ಪುಸ್ತಕದ ಹಳೆಯ ಮುದ್ರಣ ತೆಗೆದರೆ ಪ್ರಿಸಿಷನ್ ಅಂದರೆ ಉಪಕರಣ ಎಷ್ಟು ಸಣ್ಣ ಭಾಗದವರೆಗೆ ಅಳೆಯುತ್ತದೆ ಎಂಬುದು, ಅಂದರೆ ರೆಸೊಲ್ಯೂಷನ್. ಅದೇ ತರಗತಿಯ ಕೆಮಿಸ್ಟ್ರಿ ಪುಸ್ತಕ ತೆಗೆದರೆ, ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದಾಗ ರೀಡಿಂಗ್‌ಗಳು ಒಂದಕ್ಕೊಂದು ಎಷ್ಟು ಹತ್ತಿರ ಬರುತ್ತವೆ ಎಂಬುದು. ಎರಡೂ ಒಂದೇ ಮಾತೇ? ಅಲ್ಲದಿದ್ದರೆ ಯಾವುದನ್ನು ಹಿಡಿಯಬೇಕು?

ಇನ್ನೊಂದು ಕೋರಿಕೆ. ಗುರಿ ಹಲಗೆ, ಬಾಣಗಳ ಚಿತ್ರ ಬೇಡ. ಅಲ್ಲಿ ನಡುವಿನ ಚುಕ್ಕಿ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಲ್ಯಾಬ್‌ನಲ್ಲಿ ಆ ಚುಕ್ಕಿ ಯಾರಿಗೂ ಕಾಣುವುದಿಲ್ಲ, ಮಕ್ಕಳು ತಡವರಿಸುವುದೇ ಅಲ್ಲಿ. ಉಪಕರಣ, ಅಂಕಿ ಇರುವ ಉದಾಹರಣೆ ಕೊಡಿ.

ಮಾಪನ

ಎರಡೂ ಒಂದೇ ಅಲ್ಲ. ಇವತ್ತು ಅಳತೆಯ ಶಾಸ್ತ್ರ ಒಪ್ಪಿರುವುದು ಕೆಮಿಸ್ಟ್ರಿ ಪುಸ್ತಕದ ಅರ್ಥವನ್ನು. ಫಿಸಿಕ್ಸ್ ಪುಸ್ತಕ ಹೇಳುವುದಕ್ಕೆ ರೆಸೊಲ್ಯೂಷನ್ ಎಂಬ ಹೆಸರು ಆಗಲೇ ಇದೆ. ಅಂಕಿ ಇಟ್ಟು ನೋಡೋಣ.

50.00 ಮಿಮೀ ಗೇಜ್ ಬ್ಲಾಕ್ (ಅಳತೆ ಖಚಿತವಾಗಿ ಗೊತ್ತಿರುವ ತುಂಡು) ಒಂದಿದೆ ಅನ್ನಿ. ಎರಡು ವರ್ನಿಯರ್ ಕ್ಯಾಲಿಪರ್ ಇವೆ, ಎರಡರ ಲೀಸ್ಟ್ ಕೌಂಟೂ (ಉಪಕರಣ ಅಳೆಯಬಲ್ಲ ಅತಿ ಸಣ್ಣ ಭಾಗ) 0.02 ಮಿಮೀ. ಒಂದೊಂದರಲ್ಲಿ ಐದೈದು ಸಲ ಅಳೆದಾಗ:

ಮೊದಲನೆಯದು: 50.02, 49.98, 50.00, 50.04, 49.96
ಎರಡನೆಯದು: 50.12, 50.12, 50.14, 50.12, 50.12

ಮೊದಲನೆಯದರ ಸರಾಸರಿ ಸರಿಯಾಗಿ 50.00. ಆದರೆ ರೀಡಿಂಗ್‌ಗಳು 0.08 ಮಿಮೀಯಷ್ಟು ಹರಡಿವೆ. ಎರಡನೆಯದರ ಹರವು ಬರೀ 0.02, ಅಂದರೆ ಒಂದೇ ಗೆರೆ. ಸರಾಸರಿ ಮಾತ್ರ 50.124, ನಿಜವಾದ ಅಳತೆಗಿಂತ ಹೆಚ್ಚು. ಎರಡನೆಯದು ಪ್ರಿಸೈಸ್, ಆದರೆ ಅಕ್ಯುರೇಟ್ ಅಲ್ಲ. ಲೀಸ್ಟ್ ಕೌಂಟ್ ಎರಡಕ್ಕೂ ಒಂದೇ ಇತ್ತು ಎಂಬುದನ್ನು ಗಮನಿಸಿ. ರೆಸೊಲ್ಯೂಷನ್ನೇ ಪ್ರಿಸಿಷನ್ ಆಗಿದ್ದರೆ ಎರಡೂ ಸಮ ಪ್ರಿಸೈಸ್ ಆಗಬೇಕಿತ್ತು.

ಕಾರಣಗಳೂ ಬೇರೆ ಬೇರೆ. ಮೊದಲನೆಯದರಲ್ಲಿ ಜಾರುವ ದವಡೆಯ ಸ್ಕ್ರೂ ಸಡಿಲವಾಗಿ ದವಡೆ ಅಲುಗಾಡುತ್ತಿರಬಹುದು, ಅಥವಾ ಪ್ರತಿ ಸಲ ಹೆಬ್ಬೆರಳು ಒತ್ತುವ ಬಲ ಬೇರೆಯಾಗಿರಬಹುದು. ಎರಡನೆಯದರಲ್ಲಿ ಕೈ ಸರಿಯಾಗಿದೆ. ದವಡೆ ಮುಚ್ಚಿದಾಗಲೇ ಸೊನ್ನೆ ಸೊನ್ನೆಗೆ ಕೂರುತ್ತಿಲ್ಲ, ಅಥವಾ ದವಡೆಗೆ ಲೋಹದ ಪುಡಿ ಅಂಟಿದೆ. ದವಡೆ ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿದು ನೋಡಬೇಕು. ನಡುವೆ ಬೆಳಕು ತೂರಿ ಬಂದರೆ ದವಡೆ ಸವೆದಿದೆ ಎಂದರ್ಥ, ಆಗ ಝೀರೋ ಕರೆಕ್ಷನ್ ಪೂರ್ತಿ ಸಾಲದು. ಬೆಳಕು ಬಾರದೆ ಮುಚ್ಚಿದಾಗಿನ ರೀಡಿಂಗ್ +0.12 ಇದ್ದರೆ, ಪ್ರತಿ ಅಳತೆಯಿಂದ 0.12 ಕಳೆದರೆ ಮುಗಿಯಿತು. ಹೀಗಾಗಿ ವರ್ಕ್‌ಶಾಪಿನವರು ಆರಿಸಿಕೊಳ್ಳುವುದು ಎರಡನೆಯದನ್ನೇ: ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ತಪ್ಪುವ ಉಪಕರಣವನ್ನು ತಿದ್ದಿಕೊಳ್ಳಬಹುದು.

ಆದರೆ ಅದು ತಪ್ಪುತ್ತಿದೆ ಅಂತ ಗೊತ್ತಾದದ್ದು ಹೇಗೆ? ಬ್ಲಾಕಿನ ಅಳತೆ ಮೊದಲೇ ತಿಳಿದಿತ್ತು, ಅದಕ್ಕೆ. ಪ್ರಿಸೈಸ್ ಹೌದೋ ಅಲ್ಲವೋ ಎನ್ನುವುದನ್ನು ನಿಮ್ಮ ರೀಡಿಂಗ್‌ಗಳಿಂದಲೇ ಹೇಳಬಹುದು. ಅಕ್ಯುರೇಟ್ ಹೌದೋ ಅಲ್ಲವೋ ಎನ್ನುವುದಕ್ಕೆ ಹೊರಗಿನ ಸಾಕ್ಷಿ ಬೇಕೇ ಬೇಕು: ಗೇಜ್ ಬ್ಲಾಕ್, ಸ್ಟ್ಯಾಂಡರ್ಡ್ ತೂಕ, ಬೇರೆ ವಿಧಾನದ ಅಳತೆ. ಅಂಗಡಿ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ಮುದ್ರೆ ಒತ್ತುವ ಮೊದಲು ತಮ್ಮ ಸ್ಟ್ಯಾಂಡರ್ಡ್ ತೂಕ ಇಟ್ಟು ನೋಡುವುದು ಇದಕ್ಕೇ.

ಫಿಸಿಕ್ಸ್ ಪುಸ್ತಕವನ್ನು ಪೂರ್ತಿ ತಳ್ಳಿಹಾಕಬೇಡಿ. ಅದೇ ಬ್ಲಾಕನ್ನು ಸಾದಾ ಮಿಮೀ ಸ್ಕೇಲಿನಲ್ಲಿ ಅಳೆದರೆ 50, 50, 50, 50, 50 ಬರುತ್ತದೆ. ಹರವು ಸೊನ್ನೆ! ಹಾಗಂತ ಸ್ಕೇಲು ಕ್ಯಾಲಿಪರಿಗಿಂತ ಪ್ರಿಸೈಸ್ ಅಲ್ಲ. ಗೆರೆಗಳು ಒರಟಾಗಿರುವುದರಿಂದ ಹರವು ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೆ. ಇಂಥ ಕಡೆ ಅನಿಶ್ಚಿತತೆಯನ್ನು ಲೀಸ್ಟ್ ಕೌಂಟಿನಿಂದಲೇ ಲೆಕ್ಕ ಹಾಕಬೇಕಾಗುತ್ತದೆ. ಎರಡೂ ಪುಸ್ತಕಗಳ ಅರ್ಥಗಳು ಹತ್ತಿರ ಬರುವುದು ಈ ಒಂದು ಜಾಗದಲ್ಲಿ.

ಇನ್ನೊಂದು ಸಂಗತಿ, ಮೇಲಿನ ತರಗತಿಗೆ ಹೋಗುವ ಮಕ್ಕಳಿಗೆ ಬೇಕಾದದ್ದು. 1994ರ ಐಎಸ್‌ಒ 5725 ಮಾನದಂಡ ಅಕ್ಯುರಸಿಯನ್ನು ಎರಡಾಗಿ ಸೀಳಿತು. ಸರಾಸರಿ ನಿಜವಾದ ಬೆಲೆಗೆ ಎಷ್ಟು ಹತ್ತಿರ ಎಂಬುದು ಟ್ರೂನೆಸ್, ರೀಡಿಂಗ್‌ಗಳು ಪರಸ್ಪರ ಎಷ್ಟು ಹತ್ತಿರ ಎಂಬುದು ಪ್ರಿಸಿಷನ್. ಎರಡೂ ಚೆನ್ನಾಗಿದ್ದರೆ ಮಾತ್ರ ಅಕ್ಯುರೇಟ್. ಹಾಗೆ ನೋಡಿದರೆ ಮೇಲಿನ ಮೊದಲ ಕ್ಯಾಲಿಪರ್‌ನ ಟ್ರೂನೆಸ್ ಚೆನ್ನಾಗಿದೆ, ಅದನ್ನು ಅಕ್ಯುರೇಟ್ ಅನ್ನುವ ಹಾಗಿಲ್ಲ. ಒಂದೇ ಸಲ ಅಳೆದು ಬಿಟ್ಟವನಿಗೆ 49.96 ಸಿಕ್ಕಿರಬಹುದಲ್ಲ.

ಪರೀಕ್ಷೆಗೆ ಮಾತ್ರ ಆಯಾ ವಿಷಯದ ಪುಸ್ತಕದಲ್ಲಿರುವ ವ್ಯಾಖ್ಯೆಯನ್ನೇ ಬರೆಸಿ. ಮೌಲ್ಯಮಾಪಕರ ಕೈಯಲ್ಲಿರುವುದು ಅದೇ.

ಪಿಪೆಟ್

ಕೆಮಿಸ್ಟ್ರಿ ಕಡೆಯಿಂದ ಒಂದು ಉದಾಹರಣೆ, ಮೇಷ್ಟ್ರೆ. ಪಿಯು ಲ್ಯಾಬ್‌ನಲ್ಲಿ ಪ್ರತಿ ವರ್ಷ ನಡೆಯುವ ಆಕ್ಸಾಲಿಕ್ ಆಸಿಡ್, ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್ನೇ ಸಾಕು.

250 ಮಿಲೀ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ನಲ್ಲಿ 0.05 ಮೋಲಾರ್ ಆಕ್ಸಾಲಿಕ್ ಆಸಿಡ್ ಮಾಡಬೇಕು. ಬಾಟಲಿಯಲ್ಲಿರುವುದು ಎರಡು ನೀರಿನ ಅಣು ಸೇರಿದ ಹರಳು, ಅದರ ಮೋಲಾರ್ ರಾಶಿ 126.07. ತೂಗಬೇಕಾದದ್ದು 1.576 ಗ್ರಾಂ. ನೀರಿನ ಅಣುಗಳನ್ನು ಮರೆತು 90.03 ಹಿಡಿದು ಲೆಕ್ಕ ಹಾಕಿದರೆ 1.125 ಗ್ರಾಂ ತೂಗುತ್ತಾರೆ. ದ್ರಾವಣ ಆಗುವುದು 0.0357 ಮೋಲಾರ್, ಬಾಟಲಿ ಮೇಲಿನ ಚೀಟಿಯಲ್ಲಿ ಮಾತ್ರ 0.05.

ಈಗ 20 ಮಿಲೀ ಪಿಪೆಟ್ ಮಾಡಿ, ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ, 60-70 ಡಿಗ್ರಿಗೆ ಬಿಸಿ ಮಾಡಿ ಟೈಟ್ರೇಟ್ ಮಾಡುತ್ತಾರೆ. ಬ್ಯುರೆಟ್‌ನಲ್ಲಿರುವ ಪರ್ಮಾಂಗನೇಟ್ ನಿಜವಾಗಿ 0.02 ಮೋಲಾರ್ ಇದ್ದರೆ 20.0 ಮಿಲೀ ಬರಬೇಕಿತ್ತು. ಬರುವುದು 14.3, 14.3, 14.2. ಕನ್‌ಕಾರ್ಡೆಂಟ್ ರೀಡಿಂಗ್, ಅಂದರೆ ಒಂದಕ್ಕೊಂದು ಹೊಂದುವಂಥವು, ನೋಡಿದರೆ ಖುಷಿಯಾಗುತ್ತದೆ. ಲೆಕ್ಕ ಹಾಕಿದರೆ ಪರ್ಮಾಂಗನೇಟ್ 0.028 ಮೋಲಾರ್ ಅನ್ನುತ್ತದೆ, ಶೇ. 40ರಷ್ಟು ಹೆಚ್ಚು. ಇನ್ನು ಹತ್ತು ಸಲ ಟೈಟ್ರೇಟ್ ಮಾಡಿದರೂ 14.3 ಬರುತ್ತದೆ, ಉತ್ತರ ಒಂದು ಕೂದಲೆಳೆಯಷ್ಟೂ ಸರಿಹೋಗುವುದಿಲ್ಲ. ಪ್ರಿಸೈಸ್, ಅಕ್ಯುರೇಟ್ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಲ್ಯಾಬ್‌ನಲ್ಲಿ ಸಿಗದು.

ಯಾವ ತಪ್ಪು ಯಾವುದನ್ನು ಕೆಡಿಸುತ್ತದೆ ಅಂತ ಮಕ್ಕಳಿಂದಲೇ ಹೇಳಿಸಿ. ಬ್ಯುರೆಟ್ ಮೂತಿಯಲ್ಲಿ ಗಾಳಿಗುಳ್ಳೆ ಉಳಿದು ಮೊದಲ ಟೈಟ್ರೇಷನ್‌ನಲ್ಲಿ ಹೊರಬಿದ್ದರೆ ಆ ಒಂದು ರೀಡಿಂಗ್ ಮಾತ್ರ ಜಾಸ್ತಿಯಾಗುತ್ತದೆ. ಫನಲ್ ತೆಗೆಯದೆ ಬಿಟ್ಟು ನಡುವೆ ಎರಡು ಹನಿ ಬಿದ್ದರೂ ಹಾಗೇ, ಕೆಡುವುದು ಆ ಒಂದು ರೀಡಿಂಗ್. ತೆಳು ಗುಲಾಬಿ ಬಣ್ಣಕ್ಕೆ ಒಮ್ಮೆ ನಿಲ್ಲಿಸಿ ಇನ್ನೊಮ್ಮೆ ಕಡು ಬಣ್ಣದವರೆಗೆ ಬಿಟ್ಟರೆ ರೀಡಿಂಗ್ ಚದುರುತ್ತದೆ. ಇವೆಲ್ಲ ಪ್ರಿಸಿಷನ್ ಕೆಡಿಸುವ ತಪ್ಪುಗಳು, ಮತ್ತೆ ಮಾಡಿದಾಗ ತಾವೇ ಬಯಲಾಗುತ್ತವೆ.

ಪಿಪೆಟ್ ತುದಿಯ ಕೊನೆ ಹನಿಯನ್ನು ಪ್ರತಿ ಸಲವೂ ಊದಿ ಬೀಳಿಸುವುದು ಬೇರೆ ಜಾತಿ. ಆ ಹನಿ ತುದಿಯಲ್ಲಿ ಉಳಿಯುತ್ತದೆ ಎಂದು ಲೆಕ್ಕ ಹಿಡಿದೇ ಪಿಪೆಟ್‌ಗೆ ಗುರುತು ಹಾಕಿರುತ್ತಾರೆ. ಪ್ರತಿ ಸಲ ಊದಿದರೆ ಪ್ರತಿ ಸಲವೂ ಸ್ವಲ್ಪ ಹೆಚ್ಚೇ ಬೀಳುತ್ತದೆ, ರೀಡಿಂಗ್ ಮಾತ್ರ ಕನ್‌ಕಾರ್ಡೆಂಟ್ ಆಗಿಯೇ ಇರುತ್ತದೆ. ಆಸಿಡ್ ಕಡಿಮೆ ಹಾಕಿ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಕಾಣಿಸಿಕೊಂಡರೆ ಪರ್ಮಾಂಗನೇಟ್ ಹೆಚ್ಚು ಖರ್ಚಾಗುತ್ತದೆ. ಮೂರೂ ಸಲ ಅಷ್ಟೇ ಕಡಿಮೆ ಹಾಕಿದ್ದರೆ ಮೂರೂ ಸಲ ಸುಮಾರು ಒಂದೇ ತಪ್ಪು.

ಎರಡಕ್ಕೂ ಸೇರದ ಒಂದಿದೆ, ಮಕ್ಕಳಿಗೆ ತುಂಬ ಹಿಡಿಸುತ್ತದೆ. ಪರ್ಮಾಂಗನೇಟ್ ಕಡು ಬಣ್ಣದ್ದಾದ್ದರಿಂದ ಬ್ಯುರೆಟ್‌ನಲ್ಲಿ ಮೆನಿಸ್ಕಸ್‌ನ (ದ್ರವದ ಬಾಗಿದ ಮೇಲ್ಮೈಯ) ಕೆಳ ಅಂಚು ಕಾಣುವುದಿಲ್ಲ, ಮೇಲಂಚನ್ನೇ ಓದುತ್ತೇವೆ. ಹಾಗಾದರೆ ಅಳತೆ ತಪ್ಪಲಿಲ್ಲವೇ? ಇಲ್ಲ. ಶುರುವಿನ ರೀಡಿಂಗೂ ಮೇಲಂಚಿನದು, ಕೊನೆಯದೂ ಮೇಲಂಚಿನದು. ಕಳೆಯುವಾಗ ಆ ವ್ಯತ್ಯಾಸ ಹೊಡೆದುಹೋಗುತ್ತದೆ. ಒಮ್ಮೆ ಮೇಲಂಚು, ಒಮ್ಮೆ ಕೆಳ ಅಂಚು ಓದಿದರೆ ಮಾತ್ರ ಕೆಟ್ಟಿತು.

ಸರ್ಕ್ಯೂಟ್

ಎಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್ ಮಾಡುವವರು ಎಡವುವುದು ಇಲ್ಲೇ. ಡಿಎಸ್18ಬಿ20 ಎಂಬ ಉಷ್ಣತಾ ಸೆನ್ಸರ್ ತೆಗೆದುಕೊಳ್ಳಿ. 12 ಬಿಟ್‌ನಲ್ಲಿ ಅದರ ರೆಸೊಲ್ಯೂಷನ್ 0.0625 ಡಿಗ್ರಿ ಸೆಲ್ಸಿಯಸ್. ಪರದೆಯ ಮೇಲೆ 27.4375 ಅಂತ ಬರುತ್ತದೆ. ಆದರೆ ಡೇಟಾಶೀಟ್ ಭರವಸೆ ಕೊಡುವ ಅಕ್ಯುರಸಿ -10ರಿಂದ 85 ಡಿಗ್ರಿವರೆಗೆ ±0.5 ಮಾತ್ರ. ಅಂದರೆ ನಿಜವಾದ ಉಷ್ಣತೆ 26.9ರಿಂದ 27.9ರೊಳಗೆ ಎಲ್ಲಿ ಬೇಕಾದರೂ ಇರಬಹುದು. ರಿಪೋರ್ಟ್‌ನಲ್ಲಿ ನಾಲ್ಕು ದಶಮಾಂಶ ಬರೆದರೆ ಓದುವವರಿಗೆ ಸುಳ್ಳು ಭರವಸೆ ಕೊಟ್ಟ ಹಾಗೆ.

ತಿದ್ದುವ ದಾರಿ: ಥರ್ಮಾಸ್ ಫ್ಲಾಸ್ಕ್‌ನಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸಂದು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಿ. ಐಸೂ ನೀರೂ ಶುದ್ಧವಾಗಿರಲಿ, ಉಪ್ಪು ಸೇರಿದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ವಾಟರ್‌ಪ್ರೂಫ್ ಪ್ರೋಬನ್ನು ನಡುವೆ ಇಳಿಬಿಡಿ, ತಳಕ್ಕೆ ತಾಗಬಾರದು. ಕಲಕುತ್ತಾ ರೀಡಿಂಗ್ ಸ್ಥಿರವಾಗುವವರೆಗೆ ಕಾಯಿರಿ. 0.4 ತೋರಿಸಿದರೆ ಆ ಆಸುಪಾಸಿನ ಉಷ್ಣತೆಗಳಲ್ಲಿ 0.4 ಕಳೆಯಬಹುದು. ಮೇಲಿನ ತುದಿಗೆ ಕುದಿಯುವ ನೀರು ಬಳಸುವವರು ಊರಿನ ಎತ್ತರ ನೋಡಿಕೊಳ್ಳಲೇಬೇಕು. ಮಂಗಳೂರಿನಲ್ಲಿ ನೀರು 100 ಡಿಗ್ರಿಯ ಹತ್ತಿರ ಕುದಿಯುತ್ತದೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೆ. ಬೆಂಗಳೂರಿನಲ್ಲಿ ಕೂತು 97 ತೋರಿಸಿದ ಸೆನ್ಸರ್ ತಪ್ಪು ಅಂತ 3 ಡಿಗ್ರಿ ಸೇರಿಸಿದರೆ, ಸರಿಯಿದ್ದದ್ದನ್ನು ಕೆಡಿಸಿದ ಹಾಗಾಗುತ್ತದೆ.

ಇದೇ ಸೆನ್ಸರ್ ಪದೇ ಪದೇ 85.0 ತೋರಿಸಿದರೆ ಅದು ಅಳತೆಯೇ ಅಲ್ಲ. ಕರೆಂಟ್ ಕೊಟ್ಟ ಕೂಡಲೇ ರಿಜಿಸ್ಟರ್‌ನಲ್ಲಿ ಇರುವ ಆರಂಭದ ಬೆಲೆ ಅದು. 12 ಬಿಟ್ ಕನ್ವರ್ಷನ್‌ಗೆ 750 ಮಿಲಿಸೆಕೆಂಡ್ ಬೇಕು, ಕೋಡ್ ಅಷ್ಟು ಕಾಯುತ್ತಿಲ್ಲ. ಹತ್ತು ಸಲ ಓದಿದರೂ ಹರವು ಸೊನ್ನೆ, ಉಷ್ಣತೆಗೂ ಅದಕ್ಕೂ ಸಂಬಂಧವೇ ಇಲ್ಲ.

ಡೇಟಾ_ಕಣಜ

ಒಂದು ಎಚ್ಚರಿಕೆ ಮಾತ್ರ. ಮಶೀನ್ ಲರ್ನಿಂಗ್ ಓದುವವರು ಮೇಲಿನ ಅರ್ಥಗಳನ್ನು ಅಲ್ಲಿಗೆ ಒಯ್ಯಬೇಡಿ. ಅಲ್ಲಿ ಪ್ರಿಸಿಷನ್ ಅಂದರೆ, ಸ್ಪ್ಯಾಮ್ ಎಂದು ಗುರುತು ಹಾಕಿದ ಮೇಲ್‌ಗಳಲ್ಲಿ ನಿಜವಾಗಿ ಸ್ಪ್ಯಾಮ್ ಎಷ್ಟು ಎಂಬುದು. 1,000 ಮೇಲ್‌ಗಳಲ್ಲಿ 100 ಸ್ಪ್ಯಾಮ್ ಇವೆ, ಫಿಲ್ಟರ್ 80ಕ್ಕೆ ಗುರುತು ಹಾಕಿತು, ಅದರಲ್ಲಿ 72 ಸರಿ ಅನ್ನಿ. ಪ್ರಿಸಿಷನ್ 72/80, ಶೇ. 90. ಅಕ್ಯುರಸಿ ಅಂದರೆ ಒಟ್ಟು ಸರಿಯಾದ ತೀರ್ಮಾನಗಳು: 72 ಮತ್ತು ಮುಟ್ಟದೆ ಬಿಟ್ಟ 892 ಒಳ್ಳೆಯ ಮೇಲ್‌ಗಳು, ಒಟ್ಟು 964, ಶೇ. 96.4. ಒಂದಕ್ಕೂ ಗುರುತು ಹಾಕದ ಫಿಲ್ಟರ್‌ಗೂ ಶೇ. 90 ಅಕ್ಯುರಸಿ ಬರುತ್ತದೆ, ಹಾಗಾಗಿ ಅದೊಂದನ್ನೇ ನಂಬಬಾರದು. ಪುನರಾವರ್ತನೆಗೂ ಈ ಪ್ರಿಸಿಷನ್‌ಗೂ ನಂಟಿಲ್ಲ.

ಕರಡು_ತಿದ್ದುವವರು

ಪ್ರಯೋಗಾಲಯದ ಹೊರಗೆ, ಇಂಗ್ಲಿಷ್ ಬರವಣಿಗೆಯಲ್ಲಿ ಇವೆರಡರ ಬಳಕೆ ಹೇಗೆ ಅಂತ ಯಾರೂ ಹೇಳಲಿಲ್ಲ. ಅಲ್ಲಿ ಅಕ್ಯುರೇಟ್ ಅಂದರೆ ಸಂಗತಿಗೆ ತಕ್ಕಂತೆ ಇರುವುದು, ತಪ್ಪಿಲ್ಲದ್ದು. ಪ್ರಿಸೈಸ್ ಅಂದರೆ ಎಲ್ಲೆ ಖಚಿತವಾಗಿರುವುದು, ಮೋಘಮ್ಮಾಗಿ ಇಲ್ಲದ್ದು. ಲ್ಯಾಟಿನ್ ಮೂಲದಲ್ಲಿ ಮೊದಲನೆಯದಕ್ಕೆ ಕಾಳಜಿಯಿಂದ ಮಾಡಿದ್ದು ಎಂಬ ಅರ್ಥ, ಎರಡನೆಯದಕ್ಕೆ ಕತ್ತರಿಸಿದ್ದು ಎಂಬ ಅರ್ಥ. ಅಂಚು ಕತ್ತರಿಸಿದಂತೆ ಸ್ಪಷ್ಟ ಎಂಬ ಛಾಯೆ ಪ್ರಿಸೈಸ್‌ಗೆ ಬಂದದ್ದು ಅಲ್ಲಿಂದ.

2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297. "ಆರು ಕೋಟಿಗಿಂತ ಸ್ವಲ್ಪ ಹೆಚ್ಚು" ಅಂದರೆ ಅಕ್ಯುರೇಟ್, ಆದರೆ ಅಷ್ಟೇನೂ ಪ್ರಿಸೈಸ್ ಅಲ್ಲ. "6,43,28,119" ಅಂದರೆ ಪ್ರಿಸೈಸ್, ಆದರೆ ತಪ್ಪು.

ಗೊಂದಲವಾದಾಗ ಎದುರು ಪದ ಹಾಕಿ ನೋಡಿ. ನಿಮ್ಮ ವರದಿಯ ಅಂಚಿನಲ್ಲಿ ಮೇಲಧಿಕಾರಿ ಇನ್‌ಅಕ್ಯುರೇಟ್ ಅಂತ ಬರೆದಿದ್ದರೆ ಹೇಳಿದ ಸಂಗತಿಯೇ ತಪ್ಪು, ಅಂಕಿ ತಿದ್ದಬೇಕು. ಇಂಪ್ರಿಸೈಸ್ ಅಂತ ಬರೆದಿದ್ದರೆ ಸಂಗತಿ ಸರಿಯಿರಬಹುದು, ಮಾತು ಅಸ್ಪಷ್ಟವಾಗಿದೆ. "ಇತ್ತೀಚೆಗೆ", "ಕೆಲವರು", "ಸಾಕಷ್ಟು" ಎಂದಿರುವ ಕಡೆ ದಿನಾಂಕ, ಸಂಖ್ಯೆ, ಹೆಸರು ಹಾಕಬೇಕು. ಎರಡು ಬೇರೆ ಬೇರೆ ಕೆಲಸ. ಒಂದರ ಬದಲು ಇನ್ನೊಂದನ್ನು ಮಾಡಿ ಕಳಿಸಿದರೆ ವರದಿ ಮತ್ತೆ ವಾಪಸ್ ಬರುತ್ತದೆ.

ರೂಢಿಯ ಜೋಡಿಗಳನ್ನು ಹಾಗೇ ಕಲಿಯಬೇಕು. ಅನುವಾದ, ಮುನ್ಸೂಚನೆ, ವರದಿಗಾರಿಕೆ, ಟೈಪಿಂಗ್‌ಗೆ ಅಕ್ಯುರೇಟ್ ಹೊಂದುತ್ತದೆ. ಸೂಚನೆ, ವ್ಯಾಖ್ಯೆ, ಜಾಗ, ಗಳಿಗೆಗೆ ಪ್ರಿಸೈಸ್. "ಅಟ್ ದಟ್ ಪ್ರಿಸೈಸ್ ಮೊಮೆಂಟ್" ಅನ್ನುತ್ತಾರೆ, ಅಲ್ಲಿ ಅಕ್ಯುರೇಟ್ ಹಾಕಿದರೆ ಇಂಗ್ಲಿಷ್ ಆಗುವುದಿಲ್ಲ. "ಟು ಬಿ ಪ್ರಿಸೈಸ್" ಅನ್ನುವುದು ಮೊದಲು ಮೋಘಮ್ಮಾಗಿ ಹೇಳಿದ್ದನ್ನು ಮುಂದೆ ಬಿಡಿಸಿ ಹೇಳುವಾಗ. ಮೊದಲು ಹೇಳಿದ್ದು ತಪ್ಪಾಗಿದ್ದು ಅದನ್ನು ತಿದ್ದುವಾಗ ಅದು ಸರಿಹೊಂದದು.

ಸುಳ್ಳು ಪ್ರಿಸಿಷನ್ ಹೇಗೆ ಮರುಳು ಮಾಡುತ್ತದೆ ಎಂಬುದಕ್ಕೆ ಎವರೆಸ್ಟ್ ಎತ್ತರ ನೆನಪಾಗುತ್ತದೆ. 1850ರ ದಶಕದಲ್ಲಿ ಸರ್ವೆಯವರು ಪ್ರಕಟಿಸಿದ್ದು 29,002 ಅಡಿ. ಲೆಕ್ಕಕ್ಕೆ ಸಿಕ್ಕಿದ್ದು ಸರಿಯಾಗಿ 29,000, ಜನ ಅಂದಾಜು ಅಂದುಕೊಂಡಾರು ಎಂದು 2 ಅಡಿ ಸೇರಿಸಿದರು ಎಂಬ ಮಾತು ಚಾಲ್ತಿಯಲ್ಲಿದೆ. 2020ರಲ್ಲಿ ಘೋಷಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ನೂರಕ್ಕೂ ಹೆಚ್ಚು ಮೈಲಿ ದೂರದ ಬಯಲಿನಿಂದ ಕೋನ ಅಳೆದು ಸಾವಿರದಲ್ಲಿ ಒಂದು ಪಾಲಿನಷ್ಟೇ ತಪ್ಪಿದ್ದು ಬೆರಗಿನ ಅಕ್ಯುರಸಿ. ಕೊನೆಯ ಆ 2ಕ್ಕೆ ಮಾತ್ರ ಬೆಲೆಯಿರಲಿಲ್ಲ.

ಅಳತೆಗೋಲು

ಎಲ್ಲರಿಗೂ ಧನ್ಯವಾದ. ಕ್ಯಾಲಿಪರ್, ಟೈಟ್ರೇಷನ್ ಉದಾಹರಣೆಗಳು ನಾಳೆಯೇ ಕ್ಲಾಸಿಗೆ ಹೋಗುತ್ತವೆ. ಎರಡು ಅನುಮಾನ ಉಳಿದಿವೆ. ಹೆಚ್ಚು ಸಲ ಅಳೆದು ಸರಾಸರಿ ತೆಗೆದರೆ ಅಕ್ಯುರಸಿ ಹೆಚ್ಚುತ್ತದೆ ಅಂತ ಗೈಡ್‌ಗಳಲ್ಲಿ ಇರುತ್ತದಲ್ಲ, ಅದು ಸರಿಯೇ? ಕ್ಯಾಲ್ಕ್ಯುಲೇಟರ್ ಕೊಡುವ ಅಂಕಿಗಳಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು?

ಮಾಪನ

ಸರಾಸರಿ ತಗ್ಗಿಸುವುದು ಹರವಿನಿಂದ ಬರುವ ತಪ್ಪನ್ನು ಮಾತ್ರ, ಅದೂ ರೀಡಿಂಗ್‌ಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ. 4 ಸಲ ಅಳೆದರೆ ಅರ್ಧಕ್ಕೆ, 9 ಸಲ ಅಳೆದರೆ ಮೂರನೇ ಒಂದಕ್ಕೆ ಇಳಿಯುತ್ತದೆ. 100 ಸಲ ಅಳೆದರೂ ಹತ್ತನೇ ಒಂದು ಭಾಗಕ್ಕಷ್ಟೇ, ಹಾಗಾಗಿ 5-6ರ ಮೇಲೆ ಲ್ಯಾಬ್ ಸಮಯ ಸವೆಸುವುದರಲ್ಲಿ ಲಾಭ ಕಡಿಮೆ. ಝೀರೋ ಎರರ್, ತಪ್ಪು ದ್ರಾವಣ, ಸವೆದ ದವಡೆ ಇವು ಸರಾಸರಿಯಿಂದ ಕದಲುವುದಿಲ್ಲ. ಪಿಪೆಟ್ ಅವರ 14.3 ನೋಡಿದಿರಲ್ಲ.

ಅಂಕಿಗಳ ವಿಷಯಕ್ಕೆ ಸ್ಕ್ರೂ ಗೇಜ್ ತೆಗೆದುಕೊಳ್ಳಿ. ಪಿಚ್ 1 ಮಿಮೀ, ತಲೆಯ ಮೇಲೆ 100 ಭಾಗ, ಲೀಸ್ಟ್ ಕೌಂಟ್ 0.01 ಮಿಮೀ. ತಂತಿಯ ವ್ಯಾಸ 1.24, 1.25, 1.24 ಬಂತು. ರ್ಯಾಚೆಟ್ (ಒತ್ತಡ ಮಿತಿಮೀರದಂತೆ ತಡೆಯುವ ತುದಿಯ ತಿರುಪು) ಟಕ್ ಟಕ್ ಅನ್ನುವವರೆಗೆ ಮುಚ್ಚಿದಾಗ ತಲೆಯ ಸೊನ್ನೆ ಗೆರೆಯನ್ನು ಮುಟ್ಟಲು ಇನ್ನೂ 3 ಭಾಗ ಬಾಕಿ ಇದೆ, ಝೀರೋ ಎರರ್ +0.03. ಕ್ಯಾಲ್ಕ್ಯುಲೇಟರ್ ಸರಾಸರಿ 1.243333 ಅನ್ನುತ್ತದೆ. 0.03 ಕಳೆದು, ಲೀಸ್ಟ್ ಕೌಂಟಿನ ಸ್ಥಾನಕ್ಕೆ ತಂದು, (1.21 ± 0.01) ಮಿಮೀ ಎಂದು ಬರೆಯಬೇಕು. ದುಂಡಾಗಿಸುವುದು ಕೊನೆಯಲ್ಲಿ ಒಂದೇ ಸಲ. ಸೊನ್ನೆ ಪ್ಲಸ್ ಇದ್ದರೆ ಕಳೆಯುವುದು, ಮೈನಸ್ ಇದ್ದರೆ ಕೂಡುವುದು. ಇದನ್ನು ತಿರುಗಾಮುರುಗಾ ಮಾಡಿದರೆ 1.27 ಬರುತ್ತದೆ, ತಪ್ಪು ಇಮ್ಮಡಿ. ಝೀರೋ ಎರರ್ ನೋಡುವಾಗ ರ್ಯಾಚೆಟ್ ಬಳಸಿ, ತಂತಿ ಅಳೆಯುವಾಗ ತಿರುಪಿನ ತಲೆಯನ್ನೇ ಹಿಡಿದು ಬಿಗಿ ಮಾಡಿದರೂ ಕಳೆದ 0.03ಕ್ಕೆ ಅರ್ಥವಿರುವುದಿಲ್ಲ. ಎರಡೂ ಕಡೆ ರ್ಯಾಚೆಟ್‌ನಿಂದಲೇ ಮುಚ್ಚಿಸಿ.